ಪಿನ್ ಎಂದದ್ದು ಬಿನ್ ಎಂದು ಕೇಳಿಸುವ ದೋಷ: ಇಂಗ್ಲಿಷ್ ವ್ಯಂಜನಗಳಲ್ಲಿ ಉಸಿರು ಮತ್ತು ಘೋಷದ ತಪಾಸಣೆ

ಇಂಗ್ಲಿಷನ್ನು ವ್ಯಾಕರಣ ತಪ್ಪದೆ ಸರಾಗವಾಗಿ ಮಾತನಾಡುವ ಕನ್ನಡಿಗರಿಗೂ ಕೆಲವೊಮ್ಮೆ ಒಂದು ತೊಡಕು ಎದುರಾಗುತ್ತದೆ. ಅವರು ‘ಪ್ಯಾಕ್’ ಎಂದಾಗ ಇಂಗ್ಲಿಷ್ ತಾಯ್ನುಡಿಯ ಕೇಳುಗರು ‘ಬ್ಯಾಕ್’ ಎಂದು ತಿಳಿಯುತ್ತಾರೆ. ‘ಟೌನ್’ ಎಂದದ್ದು ‘ಡೌನ್’ ಆಗುತ್ತದೆ, ‘ಕೋಟ್’ ಎಂದದ್ದು ‘ಗೋಟ್’ ಆಗುತ್ತದೆ. ತಾವು ಪಕಾರವನ್ನೇ ಉಚ್ಚರಿಸಿದ್ದೇವೆ ಎಂಬ ವಿಷಯದಲ್ಲಿ ಹೇಳಿದವರಿಗೆ ಸಂಶಯವಿರುವುದಿಲ್ಲ, ಮತ್ತು ಅವರ ಎಣಿಕೆ ಸರಿಯಾಗಿಯೇ ಇರುತ್ತದೆ. ಅವರ ಬಾಯಿಂದ ಬಂದದ್ದು ಶುದ್ಧವಾದ ಕನ್ನಡ ಪಕಾರ. ಕೇಳುಗರ ಕಿವಿ ಹುಡುಕುತ್ತಿದ್ದುದು ಆ ಪಕಾರದ ಬೆನ್ನಿಗೇ ಹೊರಬೀಳಬೇಕಾದ ಒಂದಿಷ್ಟು ಉಸಿರನ್ನು.

ಈ ಬಗೆಯ ದೋಷವನ್ನು ‘ಅಘೋಷವನ್ನು ಘೋಷವಾಗಿ ಹೇಳುತ್ತಿದ್ದೀರಿ’ ಎಂದು, ಎಂದರೆ ಗಂಟಲಿನ ಧ್ವನಿತಂತುಗಳು ಕಂಪಿಸದೆ ಹುಟ್ಟಬೇಕಾದ ಧ್ವನಿಯನ್ನು ಕಂಪನದೊಂದಿಗೆ ಹೇಳುತ್ತಿದ್ದೀರಿ ಎಂದು, ಗುರುತಿಸುವ ರೂಢಿಯಿದೆ. ಆ ಗುರುತಿಸುವಿಕೆಯೇ ಬಹಳ ಸಲ ತಪ್ಪಾಗಿರುವುದರಿಂದ ಅದರ ಮೇಲೆ ನಿಂತ ಅಭ್ಯಾಸವೂ ಫಲ ಕೊಡುವುದಿಲ್ಲ. ಇಂಗ್ಲಿಷ್ ಕೇಳುಗರು ಪದದ ಆರಂಭದಲ್ಲಿ ಮುಖ್ಯವಾಗಿ ಉಸಿರನ್ನು ಆಧರಿಸಿ ಪಕಾರ ಬಕಾರಗಳನ್ನು ಬೇರ್ಪಡಿಸುತ್ತಾರೆ. ಪದದ ಕೊನೆಯಲ್ಲಿ ಹಿಂದಿನ ಸ್ವರ ಎಷ್ಟು ಹೊತ್ತು ನಿಂತಿತು ಎಂಬುದನ್ನು ಆಧರಿಸುತ್ತಾರೆ. ಆದ್ದರಿಂದ ಯಾವ ವ್ಯಂಜನ ಕೆಟ್ಟಿದೆ ಎಂದು ಕೇಳುವ ಮೊದಲು, ಅದು ಪದದ ಯಾವ ಸ್ಥಾನದಲ್ಲಿ ಕೆಟ್ಟಿದೆ ಎಂದು ಕೇಳಿಕೊಳ್ಳಬೇಕು.

ದೋಷವಿದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳುವುದು

ಉಸಿರಿಲ್ಲದ ಪ, ಟ, ಕಗಳು ಭಾರತೀಯ ಇಂಗ್ಲಿಷಿನ ಸಹಜ ಲಕ್ಷಣ. ಭಾರತೀಯ ಕೇಳುಗರ ನಡುವೆ ಅವುಗಳಿಂದ ಅರ್ಥಕ್ಕೆ ಯಾವ ಬಾಧೆಯೂ ಆಗುವುದಿಲ್ಲ, ಮತ್ತು ಬಾಧೆಯಿಲ್ಲದ ಕಡೆ ದುರಸ್ತಿಯ ಅಗತ್ಯವೂ ಇಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಕೇಳುಗರು ಒಂದು ಪದವನ್ನು ಮತ್ತೊಂದಾಗಿ ಗ್ರಹಿಸಿದಾಗ, ಅಥವಾ ಮತ್ತೆ ಮತ್ತೆ ಪುನರುಚ್ಚರಿಸಲು ಕೇಳಿದಾಗ ಮಾತ್ರ ಅದನ್ನು ದೋಷವೆಂದು ಪರಿಗಣಿಸಿ ಮುಂದುವರಿಯಬೇಕು.

ತೊಂದರೆ ದೂರವಾಣಿಯಲ್ಲಿ ಮಾತ್ರ ಕಾಣಿಸಿಕೊಳ್ಳುತ್ತದೆಯೇ ಎಂಬುದನ್ನೂ ನೋಡಬೇಕು. ಸಾಂಪ್ರದಾಯಿಕ ದೂರವಾಣಿ ಮಾರ್ಗವು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತದೆ. ಉಸಿರಿನ ಸದ್ದಿನ ಒಂದು ಭಾಗ ಮತ್ತು ಸಕಾರದಂತಹ ಘರ್ಷಧ್ವನಿಗಳ, ಎಂದರೆ ಗಾಳಿ ಉಜ್ಜಿಕೊಂಡು ಹೊರಬರುವ ಧ್ವನಿಗಳ, ಬಲದ ದೊಡ್ಡ ಭಾಗ ಆ ಮಿತಿಯ ಮೇಲೆ ಇರುವುದರಿಂದ ಅದು ದಾರಿಯಲ್ಲೇ ಕಳೆದುಹೋಗುತ್ತದೆ. ಇಂಗ್ಲಿಷನ್ನೇ ತಾಯ್ನುಡಿಯಾಗಿ ಉಳ್ಳವರೂ ಇಂತಹ ಮಾರ್ಗಗಳಲ್ಲಿ ಪಿ ಮತ್ತು ಬಿ ಅಕ್ಷರಗಳನ್ನು ಅದಲುಬದಲಾಗಿ ಕೇಳುತ್ತಾರೆ. ವಿಮಾನ ಚಾಲಕರು ಅಕ್ಷರಗಳನ್ನು ಬಿಡಿಯಾಗಿ ಹೇಳದೆ ಪಾಪಾ, ಬ್ರಾವೋ, ಟ್ಯಾಂಗೋ, ಡೆಲ್ಟಾ ಎಂಬ ಪದಗಳ ಮೂಲಕ ಹೇಳುವುದು ಇದೇ ಕಾರಣಕ್ಕೆ. ಎದುರುಬದುರು ಮಾತಿನಲ್ಲಿ ತೊಂದರೆ ಇಲ್ಲವೆಂದಾದರೆ ದೋಷ ಮಾರ್ಗದ್ದೇ ಇರಬಹುದು.

ಈ ಎರಡು ಸಾಧ್ಯತೆಗಳನ್ನು ತಳ್ಳಿಹಾಕಿದ ಮೇಲೆ ಒಂದು ಸರಳ ಪರೀಕ್ಷೆ ಮಾಡಬಹುದು. ಒಂದೇ ಧ್ವನಿಯಲ್ಲಿ ಮಾತ್ರ ಭಿನ್ನವಾಗಿರುವ ಜೋಡಿ ಪದಗಳನ್ನು ಚೀಟಿಗಳಲ್ಲಿ ಬರೆದು ಕಲಸಿ, ಒಂದೊಂದಾಗಿ ಎತ್ತಿ ಓದಬೇಕು. ಚೀಟಿ ಕಾಣದಂತೆ ಕುಳಿತ ಮತ್ತೊಬ್ಬರು ತಮಗೆ ಕೇಳಿಸಿದ್ದನ್ನು ಬರೆದುಕೊಳ್ಳಬೇಕು. ಆರಂಭದ ಸ್ಥಾನಕ್ಕೆ ಪಿನ್–ಬಿನ್, ಟೈ–ಡೈ, ಕೋಲ್ಡ್–ಗೋಲ್ಡ್ ಜೋಡಿಗಳು, ಕೊನೆಯ ಸ್ಥಾನಕ್ಕೆ ಕ್ಯಾಪ್–ಕ್ಯಾಬ್, ಸೀಟ್–ಸೀಡ್, ಬ್ಯಾಕ್–ಬ್ಯಾಗ್ ಜೋಡಿಗಳು ಸಾಕು. ಕೇಳುವವರು ಇಂಗ್ಲಿಷ್ ತಾಯ್ನುಡಿಯವರಾಗಿದ್ದರೆ ಉತ್ತಮ, ಏಕೆಂದರೆ ಕನ್ನಡದ ಕಿವಿ ಉಸಿರಿಲ್ಲದ ಪಕಾರವನ್ನು ಸರಿಯಾಗಿಯೇ ಗುರುತಿಸಿ ದೋಷವನ್ನು ಮುಚ್ಚಿಬಿಡುತ್ತದೆ. ಫಲಿತಾಂಶವನ್ನು ಓದುವಾಗ ತಪ್ಪುಗಳ ಒಟ್ಟು ಮೊತ್ತಕ್ಕಿಂತ ಅವುಗಳ ದಿಕ್ಕನ್ನು ಗಮನಿಸಬೇಕು. ಪಿನ್ ಎಂದದ್ದು ಬಿನ್ ಆಗಿ ಕೇಳಿಸಿ, ಬಿನ್ ಎಂದದ್ದು ಎಂದೂ ಪಿನ್ ಆಗದಿದ್ದರೆ, ದೋಷ ಕೆಳಗೆ ವಿವರಿಸುವ ಉಸಿರಿನ ಕೊರತೆಯೇ ಎಂದು ಬಹುಮಟ್ಟಿಗೆ ತೀರ್ಮಾನಿಸಬಹುದು.

ಪದದ ಆರಂಭ: ಉಸಿರಿನ ಕೊರತೆ

ಕನ್ನಡದ ಬರಹವು ಪ, ಫ, ಬ, ಭ ಎಂದು ನಾಲ್ಕು ಬಗೆಗಳನ್ನು ಬೇರ್ಪಡಿಸುತ್ತದೆ: ಅಘೋಷ ಅಲ್ಪಪ್ರಾಣ, ಅಘೋಷ ಮಹಾಪ್ರಾಣ, ಘೋಷ ಅಲ್ಪಪ್ರಾಣ, ಘೋಷ ಮಹಾಪ್ರಾಣ. ಇಂಗ್ಲಿಷಿನಲ್ಲಿ ಇರುವುದು ಎರಡೇ ಬಗೆ. ಆ ಎರಡು ಬಗೆಗಳು ಕನ್ನಡದ ಪ ಮತ್ತು ಬಗಳೇ ಎಂದು ನಾವು ಸಹಜವಾಗಿ ಊಹಿಸುತ್ತೇವೆ. ಲಿಪ್ಯಂತರದಲ್ಲಿ ಹಾಗೆಯೇ ಬರೆಯುತ್ತೇವೆ. ವಾಸ್ತವದಲ್ಲಿ, ಬಲವಾಗಿ ಉಚ್ಚರಿಸುವ ಉಚ್ಚಾರಾಂಶದ ಆರಂಭದಲ್ಲಿ ಬರುವ ಇಂಗ್ಲಿಷ್ ಪಿ, ಟಿ, ಕೆ ಧ್ವನಿಗಳು ಮಹಾಪ್ರಾಣದ ಸಮೀಪದವು. ಇತ್ತ ಇಂಗ್ಲಿಷಿನ ಬಿ, ಡಿ, ಜಿ ಧ್ವನಿಗಳಲ್ಲಿ, ಮಾತಿನ ಆರಂಭಕ್ಕೆ ಬಂದಾಗ, ತುಟಿ ಅಥವಾ ನಾಲಿಗೆ ಮುಚ್ಚಿರುವ ಹೊತ್ತಿನಲ್ಲಿ ಧ್ವನಿತಂತುಗಳು ಅನೇಕ ವೇಳೆ ಕಂಪಿಸುವುದೇ ಇಲ್ಲ; ಅವು ಕನ್ನಡದ ಪ, ಟ, ಕಗಳ ನೆರೆಗೆ ಬಂದು ನಿಲ್ಲುತ್ತವೆ. ಹೀಗಾಗಿ ಇಂಗ್ಲಿಷ್ ಕಿವಿಗೆ ನಮ್ಮ ಪಕಾರವು ಅವರ ಬಕಾರದಂತೆ ಕೇಳಿಸುವುದರಲ್ಲಿ ಆಶ್ಚರ್ಯವಿಲ್ಲ.

ಇದನ್ನು ಅಳೆಯಲೂ ಸಾಧ್ಯವಿದೆ. ಮುಚ್ಚಿದ ತುಟಿ ಬಿಚ್ಚಿದ ಕ್ಷಣದಿಂದ ಧ್ವನಿತಂತುಗಳ ಕಂಪನ ಶುರುವಾಗುವ ಕ್ಷಣದವರೆಗಿನ ಅಂತರವನ್ನು ಅಮೆರಿಕದ ಧ್ವನಿವಿಜ್ಞಾನಿಗಳಾದ ಲೀ ಲಿಸ್ಕರ್ ಮತ್ತು ಆರ್ಥರ್ ಎಬ್ರಾಮ್ಸನ್ 1964ರಲ್ಲಿ ಹಲವು ಭಾಷೆಗಳಲ್ಲಿ ಅಳೆದು ಪ್ರಕಟಿಸಿದರು. ಅವರ ಅಮೆರಿಕನ್ ಇಂಗ್ಲಿಷ್ ಮಾದರಿಗಳಲ್ಲಿ ಬಿಡಿ ಪದಗಳ ಮೊದಲಲ್ಲಿ ಬಂದ ಪಿ ಧ್ವನಿಗೆ ಸರಾಸರಿ 58, ಟಿ ಧ್ವನಿಗೆ 70, ಕೆ ಧ್ವನಿಗೆ 80 ಮಿಲಿಸೆಕೆಂಡಿನಷ್ಟು ಅಂತರವಿತ್ತು. ಉಸಿರಿಲ್ಲದ ಅಘೋಷಗಳಲ್ಲಿ ಈ ಅಂತರ ಸಾಮಾನ್ಯವಾಗಿ 30 ಮಿಲಿಸೆಕೆಂಡನ್ನು ದಾಟುವುದಿಲ್ಲ. ಇಂಗ್ಲಿಷ್ ಕೇಳುಗರ ಗ್ರಹಿಕೆ ಒಂದು ಬಗೆಯಿಂದ ಇನ್ನೊಂದಕ್ಕೆ ಜಿಗಿಯುವ ಗಡಿ, ಧ್ವನಿಯನ್ನು ಅವಲಂಬಿಸಿ, ಸರಿಸುಮಾರು 25ರಿಂದ 40 ಮಿಲಿಸೆಕೆಂಡುಗಳ ನಡುವೆ ಬೀಳುತ್ತದೆ. ಸೆಕೆಂಡಿನ ಇಪ್ಪತ್ತೈದನೆಯ ಒಂದು ಭಾಗದಷ್ಟು ಉಸಿರು ಕಡಿಮೆಯಾದರೂ ಪದವೇ ಬದಲಾಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ನಿಮ್ಮ ಉಚ್ಚಾರವನ್ನು ಪರೀಕ್ಷಿಸಲು ತೆಳುವಾದ ಕಾಗದದ ಪಟ್ಟಿಯನ್ನು ತುಟಿಗಳ ಮುಂದೆ ಎರಡು ಬೆರಳಿನಷ್ಟು ದೂರದಲ್ಲಿ ಇಳಿಬಿಟ್ಟು ‘ಪಿನ್’ ಎನ್ನಿ. ಪಟ್ಟಿ ಮುಂದಕ್ಕೆ ಚಿಮ್ಮಬೇಕು. ‘ಬಿನ್’ ಎಂದಾಗ ಅದು ಅಲುಗಿಯೂ ಅಲುಗದಂತೆ ಇರಬೇಕು. ಈ ಪರೀಕ್ಷೆ ಪಕಾರಕ್ಕೆ ಚೆನ್ನಾಗಿ ಹೊಂದುತ್ತದೆ, ಟಕಾರಕ್ಕೆ ಸಾಧಾರಣವಾಗಿ, ಕಕಾರಕ್ಕೆ ಬಹಳ ಕಡಿಮೆ. ಬಾಯಿಯ ಹಿಂಭಾಗದಲ್ಲಿ ಹುಟ್ಟುವ ಕಕಾರದ ಉಸಿರು ಹೊರಗೆ ಬರುವಷ್ಟರಲ್ಲಿ ಚದುರಿರುತ್ತದೆ. ಕಕಾರಕ್ಕೆ ಅಂಗೈಯನ್ನು ಬಾಯಿಗೆ ಹತ್ತಿರ ಹಿಡಿದು ಬೆಚ್ಚನೆಯ ಗಾಳಿ ತಾಕುತ್ತದೆಯೇ ಎಂದು ನೋಡುವುದು ಮೇಲು. ಗಂಟಲಿನ ಮೇಲೆ ಬೆರಳಿಟ್ಟು ಕಂಪನವನ್ನು ಪತ್ತೆಹಚ್ಚುವ ವಿಧಾನವನ್ನು ಈ ಸ್ಥಾನದಲ್ಲಿ ಬಳಸಬೇಡಿ. ಹಿಂದೆಯೇ ಬರುವ ಸ್ವರದ ಕಂಪನವು ಎರಡೂ ಪದಗಳಲ್ಲಿ ಒಂದೇ ರೀತಿ ತಾಕುವುದರಿಂದ ಅದು ಏನನ್ನೂ ತೋರಿಸುವುದಿಲ್ಲ.

ಹೆಚ್ಚು ನಿಖರವಾಗಿ ನೋಡಬಯಸುವವರು ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪೌಲ್ ಬೂರ್ಸ್ಮಾ ಮತ್ತು ಡೇವಿಡ್ ವೇನಿಂಕ್ ರೂಪಿಸಿದ ‘ಪ್ರಾಟ್’ ಎಂಬ ಉಚಿತ ತಂತ್ರಾಂಶದಲ್ಲಿ ತಮ್ಮ ಧ್ವನಿಮುದ್ರಣವನ್ನು ತೆರೆಯಬಹುದು. ತುಟಿ ಬಿಚ್ಚಿದಾಗ ಅಲೆಯಲ್ಲಿ ಒಂದು ಚೂಪಾದ ಮೊನೆ ಕಾಣುತ್ತದೆ; ಅದರ ನಂತರ ಕ್ರಮವಿಲ್ಲದ ನಡುಕದಂತಹ ಭಾಗ, ಆಮೇಲೆ ಒಂದೇ ಆಕಾರ ಮರುಕಳಿಸುವ ಸ್ವರದ ಅಲೆಗಳು ಬರುತ್ತವೆ. ಮೊನೆಯಿಂದ ಮೊದಲನೆಯ ಕ್ರಮಬದ್ಧ ಅಲೆಯವರೆಗೆ ಆಯ್ದುಕೊಂಡರೆ ತಂತ್ರಾಂಶ ಅವಧಿಯನ್ನು ತೋರಿಸುತ್ತದೆ. ಧ್ವನಿಮುದ್ರಿಸುವಾಗ ಮೈಕ್ ಬಾಯಿಯ ನೇರಕ್ಕಿರದೆ ಓರೆಯಾಗಿರಲಿ, ಏಕೆಂದರೆ ನೇರವಾಗಿ ಬಡಿಯುವ ಗಾಳಿ ಅಲೆಯನ್ನು ಕೆಡಿಸುತ್ತದೆ. ಮೊಬೈಲಿನಲ್ಲಿ ಗದ್ದಲ ತಗ್ಗಿಸುವ ಸೌಲಭ್ಯವಿದ್ದರೆ ಅದನ್ನು ಆಫ್ ಮಾಡಿ. ಉಸಿರನ್ನೂ ಗದ್ದಲವೆಂದೇ ಎಣಿಸಿ ಅದು ಅಳಿಸಿಬಿಡಬಹುದು.

ದುರಸ್ತಿಯನ್ನು ಕಕಾರದಿಂದ ಆರಂಭಿಸುವಂತೆ ಸಲಹೆ ಮಾಡುತ್ತೇನೆ. ಹೆಚ್ಚಿನವರು ಪಕಾರದಿಂದ ಆರಂಭಿಸಿ, ನೆರವಿಗೆ ಫಕಾರವನ್ನು ಕರೆಯುತ್ತಾರೆ, ಅಲ್ಲಿಯೇ ಎಡವುತ್ತಾರೆ. ಇಂದಿನ ಕನ್ನಡದಲ್ಲಿ ಫ ಅಕ್ಷರವು ಬಹುಪಾಲು ಮೇಲ್ಹಲ್ಲು ಕೆಳತುಟಿಗೆ ತಾಗುವ ಘರ್ಷಧ್ವನಿಯಾಗಿ, ಎಂದರೆ ‘ಫೋನ್’, ‘ಫ್ಯಾನ್’ ಪದಗಳಲ್ಲಿರುವಂತೆ ಬಳಕೆಯಾಗುತ್ತಿದೆ. ಅದನ್ನೇ ಮಾದರಿಯಾಗಿಟ್ಟುಕೊಂಡರೆ ‘ಪಿನ್’ ಎಂಬುದು ‘ಫಿನ್’ ಎಂಬ ಬೇರೆಯೇ ಪದವಾಗುತ್ತದೆ. ಟಕಾರದ ಸ್ಥಿತಿಯೂ ಸುಗಮವಾಗಿಲ್ಲ. ಕನ್ನಡದ ಥ ಹಲ್ಲಿಗೆ ತಾಗಿದರೆ ಠ ನಾಲಿಗೆಯನ್ನು ಹಿಂದಕ್ಕೆ ಮಡಿಸುತ್ತದೆ. ಇಂಗ್ಲಿಷಿನ ಟಿ ಇವೆರಡರ ನಡುವೆ, ಮೇಲ್ಹಲ್ಲುಗಳ ಹಿಂದಿನ ಒಸಡಿನ ದಿಬ್ಬದಲ್ಲಿ ಹುಟ್ಟುತ್ತದೆ. ಕಕಾರಕ್ಕೆ ಈ ತೊಡಕುಗಳಿಲ್ಲ. ಎಚ್ಚರದಿಂದ ಉಚ್ಚರಿಸಿದ ಖಕಾರವು ‘ಕೀ’, ‘ಕೋಟ್’, ‘ಕಾರ್ಡ್’ ಪದಗಳ ಮೊದಲ ಧ್ವನಿಗೆ ನೇರವಾಗಿ ಹೊಂದುತ್ತದೆ. ‘ಎಚ್ಚರದಿಂದ’ ಎಂದದ್ದಕ್ಕೆ ಕಾರಣವಿದೆ. ಆಡುಮಾತಿನಲ್ಲಿ ‘ಮುಖ’ವನ್ನು ‘ಮುಕ’ ಎನ್ನುವವರು ಬಹಳ ಮಂದಿ, ಮತ್ತು ಅವರ ಮಾತಿನಲ್ಲಿ ಖಕಾರವು ಬರಹದಲ್ಲಿ ಮಾತ್ರ ಉಳಿದಿರುತ್ತದೆ. ಅಂತಹವರು ಮೊದಲು ಖಕಾರದಲ್ಲೇ ಉಸಿರನ್ನು ಮರಳಿ ತಂದುಕೊಳ್ಳಬೇಕಾಗುತ್ತದೆ.

ಕಕಾರ ಕೈಗೂಡಿದ ಮೇಲೆ ಅದೇ ಉಸಿರನ್ನು ಪಕಾರಕ್ಕೆ ಸಾಗಿಸಬೇಕು. ಎರಡೂ ತುಟಿಗಳನ್ನು ಪೂರ್ತಿ ಮುಚ್ಚಿ, ಬಿಚ್ಚಿದ ಕೂಡಲೇ ಸ್ವರಕ್ಕೆ ಹೋಗದೆ, ಚಿಕ್ಕದೊಂದು ಹಕಾರದ ಮೂಲಕ ಹಾದುಹೋಗಬೇಕು. ಮೊದಮೊದಲು ‘ಪ್–ಹಿನ್’ ಎಂದು ಬಿಡಿಸಿ ಹೇಳಿ, ನಂತರ ಅಂತರವನ್ನು ಕುಗ್ಗಿಸುತ್ತ ಬನ್ನಿ. ಇಲ್ಲಿ ಸದ್ದು ಜೋರಾಗಬೇಕಾದ ಅಗತ್ಯವಿಲ್ಲ. ಸ್ವರ ತುಸು ತಡವಾಗಿ ಆರಂಭವಾದರೆ ಸಾಕು. ಬಕಾರ, ಡಕಾರ, ಗಕಾರಗಳನ್ನು ಮುಟ್ಟುವುದೇ ಬೇಡ. ಕನ್ನಡದ ಬಕಾರದಲ್ಲಿ ತುಟಿ ಬಿಚ್ಚುವ ಮೊದಲೇ ಕಂಪನ ಶುರುವಾಗುತ್ತದೆ, ಅದು ಇಂಗ್ಲಿಷ್ ಕಿವಿಗೆ ಯಾವ ಸಂಶಯವೂ ಇಲ್ಲದೆ ಬಕಾರವಾಗಿಯೇ ಕೇಳಿಸುತ್ತದೆ.

ಉಸಿರು ಎಲ್ಲಿ ಬರಬಾರದು

ಅಭ್ಯಾಸ ಸ್ವಲ್ಪ ಮುಂದುವರಿದಾಗ ಇನ್ನೊಂದು ದೋಷ ತಲೆದೋರುತ್ತದೆ: ಎಲ್ಲ ಪಿ, ಟಿ, ಕೆಗಳಿಗೂ ಉಸಿರು ಅಂಟಿಕೊಳ್ಳುತ್ತದೆ. ಸಕಾರದ ನಂತರ ಒಂದೇ ಗುಂಪಾಗಿ ಬರುವ ಈ ಧ್ವನಿಗಳಿಗೆ ಉಸಿರಿಲ್ಲ. ‘ಸ್ಪಿನ್’, ‘ಸ್ಟಾಪ್’, ‘ಸ್ಕೈ’ ಪದಗಳಲ್ಲಿ ಕನ್ನಡದ ಸಹಜ ಪ, ಟ, ಕಗಳೇ ಬೇಕಾದ ಗುಣವನ್ನು ಹೊಂದಿವೆ. ಇದಕ್ಕೆ ಸುಂದರವಾದ ಸಾಕ್ಷ್ಯವಿದೆ: ಇಂಗ್ಲಿಷ್ ತಾಯ್ನುಡಿಯವರು ಹೇಳಿದ ‘ಸ್ಪೈ’ ಪದದ ಧ್ವನಿಮುದ್ರಣದಿಂದ ಸಕಾರವನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಕೇಳಿಸಿದರೆ, ಇಂಗ್ಲಿಷ್ ಕೇಳುಗರು ಅದನ್ನು ಕೊಳ್ಳುವುದು ಎಂಬ ಅರ್ಥದ ‘ಬೈ’ ಎಂದು ಗ್ರಹಿಸುತ್ತಾರೆ. ಯಾವುದೇ ಧ್ವನಿ ಸಂಪಾದನಾ ತಂತ್ರಾಂಶದಲ್ಲಿ ಇದನ್ನು ಮಾಡಿ ನೋಡಬಹುದು. ಉಸಿರಿನ ಪಾತ್ರವನ್ನು ಮನದಟ್ಟು ಮಾಡಿಸುವುದರಲ್ಲಿ ಇದಕ್ಕೆ ಸಮನಾದ ಪ್ರಯೋಗ ಇನ್ನೊಂದಿಲ್ಲ.

ಸಕಾರ ಮತ್ತು ಟಕಾರ ಅಕ್ಕಪಕ್ಕದಲ್ಲಿದ್ದರೂ ಪದದ ಬೇರೆ ಬೇರೆ ಘಟಕಗಳಿಗೆ ಸೇರಿದ್ದರೆ ಈ ನಿಯಮ ಸಡಿಲವಾಗುತ್ತದೆ. ‘ಮಿಸ್ಟೇಕ್’ ಪದದ ಟಕಾರಕ್ಕೆ ಉಸಿರಿಲ್ಲ, ಆದರೆ ತಪ್ಪು ಸಮಯದಲ್ಲಿ ಮಾಡುವುದು ಎಂಬ ಅರ್ಥದ ‘ಮಿಸ್‌ಟೈಮ್’ ಪದದಲ್ಲಿ ಅದಕ್ಕೆ ಉಸಿರಿದೆ, ಏಕೆಂದರೆ ಅಲ್ಲಿ ‘ಟೈಮ್’ ಎಂಬುದು ಬೇರೆ ಘಟಕವೆಂಬ ಅರಿವು ಮಾತಿನಲ್ಲಿ ಉಳಿದಿದೆ. ಆಘಾತವಿಲ್ಲದ, ಎಂದರೆ ಬಲವಿಲ್ಲದ ಉಚ್ಚಾರಾಂಶಗಳಲ್ಲಿಯೂ ಉಸಿರು ತೀರ ಕ್ಷೀಣಿಸುತ್ತದೆ. ‘ಪೇಪರ್’ ಪದದ ಮೊದಲ ಪಕಾರ ಬಲವಾದದ್ದು, ಎರಡನೆಯದು ದುರ್ಬಲ. ‘ಅಪಿಯರ್’ ಪದದಲ್ಲಿ ಪಕಾರ ನಡುವೆ ಇದ್ದರೂ ಆಘಾತ ಅಲ್ಲಿಯೇ ಬೀಳುವುದರಿಂದ ಪೂರ್ಣ ಉಸಿರು ಪಡೆಯುತ್ತದೆ. ಹಾಗಾಗಿ ಪದದ ನಡುವಿನ ದೋಷಗಳನ್ನು ತಿದ್ದಬೇಕಾದರೆ ಮೊದಲು ನಿಘಂಟಿನಲ್ಲಿ ಆಘಾತದ ಸ್ಥಾನವನ್ನು ನೋಡಿಕೊಳ್ಳಬೇಕು.

ಬರಹದ ಎಚ್ ಅಕ್ಷರವನ್ನು ಕಂಡು ಉಸಿರು ಸೇರಿಸುವುದೂ ಸಾಮಾನ್ಯ. ‘ಗೋಸ್ಟ್’ ಪದದ ಕಾಗುಣಿತದಲ್ಲಿ ಎಚ್ ಇದ್ದರೂ ಅಲ್ಲಿರುವುದು ಬರಿಯ ಗಕಾರ, ಘಕಾರವಲ್ಲ. ಘೋಷ ಮಹಾಪ್ರಾಣಗಳಿಗೆ, ಎಂದರೆ ಘ, ಧ, ಭಗಳಿಗೆ ಇಂಗ್ಲಿಷಿನಲ್ಲಿ ಎಲ್ಲಿಯೂ ಸ್ಥಾನವಿಲ್ಲ.

ಲ ಮತ್ತು ರಗಳ ಮುಂಚೆ

‘ಕ್ಲಾಸ್’ ಎಂದದ್ದು ‘ಗ್ಲಾಸ್’ ಆಗಿ, ‘ಟ್ರೇನ್’ ಎಂದದ್ದು ‘ಡ್ರೇನ್’ ಆಗಿ, ‘ಪ್ರೈಡ್’ ಎಂದದ್ದು ‘ಬ್ರೈಡ್’ ಆಗಿ ಕೇಳಿಸುತ್ತಿದ್ದರೆ ಕಾರಣ ಹಿಂದಿನದೇ, ಆದರೆ ಉಸಿರು ನಿಲ್ಲುವ ಜಾಗ ಬೇರೆ. ಇಲ್ಲಿ ಉಸಿರು ಮುಂದಿನ ಲಕಾರ ರಕಾರಗಳನ್ನೇ ವ್ಯಾಪಿಸಿ ಅವುಗಳ ಆರಂಭದ ಭಾಗವನ್ನು ಅಘೋಷವಾಗಿಸುತ್ತದೆ. ಕಕಾರ ಮತ್ತು ಲಕಾರಗಳ ನಡುವೆ ಹಕಾರವನ್ನು ತೂರಿಸಲು ಹೋದರೆ ಗುಂಪು ಒಡೆದು ಹೆಚ್ಚುವರಿ ಸ್ವರವೊಂದು ನುಸುಳುತ್ತದೆ. ಅದರ ಬದಲು ‘ಕ್ಲಾಸ್’ ಎಂಬುದನ್ನು ಪೂರ್ತಿ ಪಿಸುಮಾತಿನಲ್ಲಿ ಹೇಳಿ, ಮತ್ತೆ ಹೇಳುವಾಗ ಆಕಾರಕ್ಕೆ ಬಂದ ಮೇಲಷ್ಟೇ ಧ್ವನಿ ಕೊಡಬೇಕು. ಪಿಸುಮಾತಿನ ಲಕಾರವೇ ಇಲ್ಲಿ ಬೇಕಾದ ಲಕಾರ.

ಪದದ ಕೊನೆ: ಸ್ವರದ ಉದ್ದ

ಪದದ ಕೊನೆಯ ದೋಷಗಳಲ್ಲಿ ಮೊದಲು ನೋಡಬೇಕಾದದ್ದು ಉಕಾರವನ್ನು. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುವುದರಿಂದ ‘ಬ್ಯಾಗು’, ‘ಕಾರು’ ಎನ್ನುವ ರೂಢಿ ಇಂಗ್ಲಿಷ್ ಮಾತಿಗೂ ಹರಿದುಬರುತ್ತದೆ. ಆ ಉಕಾರ ಇರುವವರೆಗೆ ಕೊನೆಯ ವ್ಯಂಜನವು ನಿಜವಾಗಿ ಕೊನೆಯಲ್ಲಿಲ್ಲ. ಅದನ್ನು ತೆಗೆಯದೆ ಮುಂದಿನ ಯಾವ ತಪಾಸಣೆಯೂ ಸರಿಯಾದ ಫಲ ನೀಡುವುದಿಲ್ಲ.

ಉಕಾರವನ್ನು ಬಿಟ್ಟ ಮೇಲೂ ‘ಬ್ಯಾಗ್’ ಎಂಬುದು ‘ಬ್ಯಾಕ್’ ಆಗಿ ಕೇಳಿಸುತ್ತಿದ್ದರೆ, ಗಕಾರವನ್ನು ಇನ್ನಷ್ಟು ಒತ್ತಿ ಹೇಳಬೇಕೆಂದು ಯಾರಿಗಾದರೂ ತೋಚುತ್ತದೆ. ಇಂಗ್ಲಿಷ್ ತಾಯ್ನುಡಿಯವರು ಹಾಗೆ ಮಾಡುವುದಿಲ್ಲ. ಅವರ ಕೊನೆಯ ಗಕಾರದಲ್ಲಿ ಕಂಪನ ಅರ್ಧಕ್ಕೇ ನಿಂತುಹೋಗಿರುತ್ತದೆ, ಎಷ್ಟೋ ವೇಳೆ ನಾಲಿಗೆ ಬಿಚ್ಚಿದ ಸದ್ದು ಕೂಡ ಕೇಳಿಸುವುದಿಲ್ಲ. ಹಾಗಿದ್ದರೂ ಅದು ಗಕಾರವೆಂದು ತಿಳಿಯುವುದು ಹಿಂದಿನ ಸ್ವರ ಹೆಚ್ಚು ಹೊತ್ತು ನಿಂತದ್ದರಿಂದ. ಧ್ವನಿವಿಜ್ಞಾನಿಗಳಾದ ಗೋರ್ಡನ್ ಪೀಟರ್ಸನ್ ಮತ್ತು ಇಲ್ಸೆ ಲೆಹಿಸ್ಟೆ 1960ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಅಘೋಷದ ಹಿಂದಿನ ಸ್ವರಕ್ಕೂ ಘೋಷದ ಹಿಂದಿನ ಸ್ವರಕ್ಕೂ ಇರುವ ಅವಧಿಯ ಅನುಪಾತ ಸುಮಾರು 2:3.

ಕನ್ನಡಿಗರಿಗೆ ಇದು ಕಷ್ಟವಾಗುವುದಕ್ಕೆ ನಮ್ಮ ಭಾಷೆಯ ಒಂದು ಅಚ್ಚುಕಟ್ಟುತನವೇ ಕಾರಣ. ಹ್ರಸ್ವ ದೀರ್ಘಗಳನ್ನು ನಾವು ಸ್ವರದ ಸ್ವಂತ ಗುಣವೆಂದು ಕಲಿತಿದ್ದೇವೆ. ಮುಂದೆ ಯಾವ ವ್ಯಂಜನ ಬಂದರೂ ಇಕಾರ ಇಕಾರವೇ, ಈಕಾರ ಈಕಾರವೇ. ಇಂಗ್ಲಿಷಿನಲ್ಲಿ ದೀರ್ಘಸ್ವರವಿರುವ ‘ಬೀಟ್’ ಪದದ ಈಕಾರವು ಟಕಾರದ ಕಾರಣ ಎಷ್ಟು ಮೊಟಕಾಗುತ್ತದೆಂದರೆ, ಹ್ರಸ್ವಸ್ವರವಿರುವ ‘ಬಿಡ್’ ಪದದ ಇಕಾರಕ್ಕೂ ಅದಕ್ಕೂ ಕಾಲದ ಲೆಕ್ಕದಲ್ಲಿ ಹೆಚ್ಚು ವ್ಯತ್ಯಾಸವಿರುವುದಿಲ್ಲ. ಹಾಗಾದರೆ ಅವು ಬೆರೆಯುವುದಿಲ್ಲವೇ ಎಂದರೆ, ಇಲ್ಲ. ಆ ಎರಡು ಸ್ವರಗಳ ಗುಣವೇ, ಎಂದರೆ ನಾಲಿಗೆಯ ಎತ್ತರ ಮತ್ತು ಬಿಗಿಯೇ ಬೇರೆ.

ಆದ್ದರಿಂದ ಅಭ್ಯಾಸವನ್ನು ಒಂದೇ ಸ್ವರವಿರುವ ಜೋಡಿಗಳಿಂದ ಮಾಡಬೇಕು. ‘ಸೀಟ್’ ಎನ್ನುವಾಗ ಸ್ವರವನ್ನು ಥಟ್ಟನೆ ಕಡಿಯಿರಿ, ‘ಸೀಡ್’ ಎನ್ನುವಾಗ ಅದನ್ನು ಎಳೆದು, ಡಕಾರವನ್ನು ಮೃದುವಾಗಿ ಮುಟ್ಟಿ ಬಿಡಿ. ಮತ್ತೊಬ್ಬರ ಮುಂದೆ ಕೊನೆಯ ವ್ಯಂಜನವನ್ನು ಉದ್ದೇಶಪೂರ್ವಕವಾಗಿ ಬಿಚ್ಚದೆಯೇ ಹೇಳಿ ನೋಡಿ. ಸ್ವರದ ಉದ್ದದಿಂದಲೇ ಅವರು ಪದವನ್ನು ಗುರುತಿಸಿದರೆ ಈ ದೋಷ ನಿವಾರಣೆಯಾಗಿದೆ ಎಂದು ತಿಳಿಯಬಹುದು.

ಸಕಾರ ಮತ್ತು ಅದರ ಘೋಷ ಜೋಡಿ

ಬೆಲೆ ಎಂಬ ಅರ್ಥದ ‘ಪ್ರೈಸ್’ ಮತ್ತು ಬಹುಮಾನ ಎಂಬ ಅರ್ಥದ ‘ಪ್ರೈಜ಼್’ ಒಂದೇ ಆಗಿ ಕೇಳಿಸಿದರೆ ಮೇಲೆ ಹೇಳಿದ ಸ್ವರದ ಉದ್ದವನ್ನು ಇಲ್ಲಿಯೂ ಪರೀಕ್ಷಿಸಬೇಕು. ಗಂಟಲಿನ ಮೇಲೆ ಬೆರಳಿಡುವ ಪರೀಕ್ಷೆ ನಿಜವಾಗಿ ನೆರವಾಗುವುದು ಈ ಧ್ವನಿಗಳಿಗೆ, ಏಕೆಂದರೆ ಅವನ್ನು ಬಿಡಿಯಾಗಿ ಬೇಕಾದಷ್ಟು ಹೊತ್ತು ಎಳೆಯಬಹುದು. ಕನ್ನಡದ ಜಕಾರವನ್ನು ಬದಲಿಯಾಗಿ ಬಳಸಿದರೆ ನಾಲಿಗೆ ಮೇಲಕ್ಕೆ ತಾಗಿ ಗಾಳಿ ಒಮ್ಮೆ ತಡೆಯಲ್ಪಡುತ್ತದೆ. ಬೇಕಾದ ಧ್ವನಿಯಲ್ಲಿ ಗಾಳಿ ಎಲ್ಲಿಯೂ ನಿಲ್ಲುವುದಿಲ್ಲ. ‘ಸ್‌ಸ್‌ಸ್’ ಎಂದು ಎಳೆಯುತ್ತ, ನಾಲಿಗೆಯನ್ನು ಕದಲಿಸದೆ, ಧ್ವನಿಯನ್ನು ಮಾತ್ರ ಹೊರಡಿಸಿದರೆ ಅದು ಸಿಗುತ್ತದೆ.

ಬಹುವಚನದ ಎಸ್ ಅಕ್ಷರ ಯಾವಾಗಲೂ ಸಕಾರವಲ್ಲ. ಅಘೋಷದ ನಂತರ ಅದು ಸಕಾರ, ‘ಕ್ಯಾಟ್ಸ್’ ಪದದಲ್ಲಿರುವಂತೆ. ಸ್ವರ ಮತ್ತು ಘೋಷಗಳ ನಂತರ ಅದರ ಘೋಷ ಜೋಡಿ, ‘ಡಾಗ್‌ಜ಼್’ ಪದದಲ್ಲಿರುವಂತೆ. ಸಕಾರ, ಶಕಾರ, ಚಕಾರದಂತಹ ಧ್ವನಿಗಳ ನಂತರ ನಡುವೆ ಒಂದು ಇಕಾರ ಬರುತ್ತದೆ. ‘ಡಾಗ್’ ಮುಂದೆ ಸಕಾರವನ್ನೇ ಇಟ್ಟರೆ ಅದು ಹಿಂದಿನ ಗಕಾರವನ್ನೂ ಅಘೋಷವಾಗಿಸಿ, ಹಡಗುಕಟ್ಟೆಗಳು ಎಂಬ ಅರ್ಥದ ‘ಡಾಕ್ಸ್’ ಆಗಿ ಕೇಳಿಸುತ್ತದೆ. ಭೂತಕಾಲದ ಇಡಿ ಪ್ರತ್ಯಯಕ್ಕೂ ಇದೇ ನ್ಯಾಯ, ಆದರೆ ಅಲ್ಲಿ ಇಕಾರ ಬರುವುದು ಟಕಾರ ಡಕಾರಗಳ ನಂತರ: ‘ವಾಕ್ಟ್’, ‘ಪ್ಲೇಡ್’, ‘ವಾಂಟಿಡ್’.

ದುರಸ್ತಿಯ ನಂತರ

ಚೀಟಿಗಳ ಪರೀಕ್ಷೆಯನ್ನು ಅದೇ ಜೋಡಿಗಳಿಂದ ಮತ್ತೊಮ್ಮೆ ಮಾಡಿ. ನಂತರ ಅಭ್ಯಾಸದಲ್ಲಿ ಬಳಸದ ಹೊಸ ಜೋಡಿಗಳಿಂದ, ಕೊನೆಗೆ ಪೂರ್ಣ ವಾಕ್ಯಗಳ ನಡುವೆ ಸೇರಿಸಿ ಮಾಡಿ. ಬಿಡಿ ಪದಗಳಲ್ಲಿ ಸರಿಯಾಗಿದ್ದದ್ದು ವೇಗದ ಮಾತಿನಲ್ಲಿ ಹಳೆಯ ಜಾಡಿಗೆ ಮರಳುವುದು ಸಹಜವಾದ್ದರಿಂದ ಮೂರನೆಯ ಹಂತವನ್ನು ಬಿಡಬಾರದು. ವಾಕ್ಯಗಳಲ್ಲಿ ಪರೀಕ್ಷಿಸುವಾಗ, ದೋಷದಂತೆ ಕಂಡರೂ ದೋಷವಲ್ಲದ ಎರಡು ಸಂಗತಿಗಳು ಎದುರಾಗುತ್ತವೆ. ಅಮೆರಿಕನ್ ಇಂಗ್ಲಿಷಿನಲ್ಲಿ ‘ವಾಟರ್’, ‘ರೈಟರ್’ ಪದಗಳ ಟಕಾರವು ಎರಡು ಸ್ವರಗಳ ನಡುವೆ ನಾಲಿಗೆ ಒಮ್ಮೆ ತಟ್ಟಿ ಬಿಡುವ ಘೋಷಧ್ವನಿಯಾಗುತ್ತದೆ. ಮಾಡಬೇಕಾಗಿದೆ ಎಂಬ ಅರ್ಥದ ‘ಹ್ಯಾವ್ ಟು’ ಪದಗುಚ್ಛದ ವಕಾರವು ಮುಂದಿನ ಟಕಾರದ ಪ್ರಭಾವದಿಂದ ಅಘೋಷವಾಗಿ ‘ಹ್ಯಾಫ್ ಟು’ ಎಂದು ಕೇಳಿಸುತ್ತದೆ. ಇವೆರಡೂ ಆ ಭಾಷೆಯ ಸಹಜ ನಡೆಗಳು. ಕೇಳುಗರಾಗಿ ಇವನ್ನು ಗುರುತಿಸುವುದು ಅಗತ್ಯ, ಮಾತಿನಲ್ಲಿ ಅನುಸರಿಸುವುದು ನಿಮ್ಮ ಆಯ್ಕೆಗೆ ಬಿಟ್ಟದ್ದು.